ಗಿರ್ಮಿಟ್ ಮೇಜರ್, ಮಿರ್ಚಿ ಮೈನರ್

ಧಾರವಾಡದ ಮಳೆ. ಹೊರಗೆ ಹೋಗುವ ಹಾಗಿಲ್ಲ. ಗಿರ್ಮಿಟ್ ಪ್ಲೇಟ್ ಬಂದ ಕೂಡಲೇ ಶೀನ ಸುದ್ದಿ ಒಡೆದ.

"ಮಗ ಲಿಬರಲ್ ಆರ್ಟ್ಸ್ ಸೇರ್ತಾನೆ. ಬೆಂಗಳೂರಲ್ಲಿ."

"ಚಿತ್ರ ಬರೆಯೋದಾ?" ಎಂದ ವೆಂಕಣ್ಣ.

"ಅಲ್ಲಪ್ಪ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸ್ವಲ್ಪ ಸಾಹಿತ್ಯ."

"ಬಿಎ ಅನ್ನು," ಎಂದ ಗುರಣ್ಣ.

"ಬಿಎ ಅಲ್ಲ ಮಾರಾಯ. ವರ್ಷಕ್ಕೆ ನಾಲ್ಕು ಲಕ್ಷ!"

"ಹಾಗಾದರೆ ಬಿಎ ಅಲ್ಲ ಬಿಡು. ಇದೇ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಎಚ್‌ಇಪಿ ಅಂತ ನಾನು ಗದಗದಲ್ಲಿ ಓದಿದೆ. ಮಗ ಏನು ಓದ್ತಾನೆ ಅಂತ ಯಾರಾದರೂ ಕೇಳಿದರೆ ನಮ್ಮಪ್ಪ ಎಮ್ಮೆಗೆ ನೀರು ಕುಡಿಸೋಕೆ ಎದ್ದು ಹೋಗ್ತಿದ್ದರು. ಈ ಲಿಬರಲ್ ಅನ್ನೋ ಶಬ್ದ ಆಗಲೇ ಸಿಕ್ಕಿದ್ದರೆ ಆ ಎಮ್ಮೆಗೆ ಅಷ್ಟು ನೀರು ಕುಡಿಯೋ ತಾಪತ್ರಯ ಇರಲಿಲ್ಲ."

"ಇದರಲ್ಲಿ ಮೇಜರ್, ಮೈನರ್ ಅಂತ ಇರುತ್ತೆ."

"ಇಲ್ಲೂ ಇದೆಯಲ್ಲ. ಗಿರ್ಮಿಟ್ ಮೇಜರ್, ಮಿರ್ಚಿ ಮೈನರ್. ಇದಕ್ಕೂ ಇಂಗ್ಲಿಷ್ ಹೆಸರಿಟ್ಟು ಬಟ್ಟಲಲ್ಲಿ ಕೊಟ್ಟರೆ ಮುನ್ನೂರು ರೂಪಾಯಿ."

ವೆಂಕಣ್ಣನಿಗೆ ಬೇರೆಯೇ ಚಿಂತೆ. "ಡಿಗ್ರಿ ಈಗ ಮೂರು ವರ್ಷನೋ, ನಾಲ್ಕೋ?"

"ನಮ್ಮ ಸರ್ಕಾರ 2021ರಲ್ಲಿ ನಾಲ್ಕು ಅಂತು. 2024ರಲ್ಲಿ ತಿರುಗಿ ಮೂರು ಅಂತು. ಈ ಹೋಟೆಲಿನ ಮಿರ್ಚಿ ಪ್ಲೇಟಿನದ್ದೂ ಅದೇ ಕಥೆ."

"ಅಲ್ಲ, ಲಿಬರಲ್ ಅಂದ್ರೆ ಏನು?"

"ಲ್ಯಾಟಿನ್ನಿನಲ್ಲಿ ಲಿಬರ್ ಅಂದ್ರೆ ಸ್ವತಂತ್ರ. ಯಾರ ಗುಲಾಮನೂ ಅಲ್ಲದವನು ಕಲಿಯೋ ವಿದ್ಯೆ. ವ್ಯಾಕರಣ, ತರ್ಕ, ಸಂಗೀತ, ಖಗೋಳ ಅಂತ ಒಟ್ಟು ಏಳು ಇದ್ದವು. ಶೀನ, ಫೀಜಿಗೆ ಏನು ಮಾಡಿದೆ?"

"ಬ್ಯಾಂಕ್ ಸಾಲ."

"ಸ್ವತಂತ್ರ ಆದ ಹಾಗೇ ಇದೆ."

ಶೀನ ಸುಮ್ನೆ ಬಿಡುವವನಲ್ಲ. "ಲಕ್ಕುಂಡಿಗೆ ಬೇರೆ ಕರ್ಕೊಂಡು ಬರ್ತಾರಂತೆ, ಮೂರು ದಿನ. ಇಮ್ಮರ್ಶನ್ ಅಂತೆ, ಮುಳುಗಿ ಕಲಿಯೋದು. ಅದಕ್ಕೆ ದುಡ್ಡು ಬೇರೆ."

"ನೂರೊಂದು ಬಾವಿಯ ಊರು," ಎಂದ ವೆಂಕಣ್ಣ. "ಯಾವುದರಲ್ಲಿ ಮುಳುಗಿಸ್ತಾರೆ?"

ಗುರಣ್ಣ ಮಾತ್ರ ನಗಲಿಲ್ಲ.

"ನಮ್ಮ ಕ್ಲಾಸಿನಲ್ಲಿ ಇದ್ದದ್ದೇ ಏಳು ಜನ. ಒಂದು ದಿನ ಇತಿಹಾಸದ ಮಾಸ್ತರು ಪುಸ್ತಕ ಮುಚ್ಚಿ 'ನಡೀರಿ' ಅಂದರು. ಕೆಂಪು ಬಸ್ಸಿನಲ್ಲಿ ಇದೇ ಲಕ್ಕುಂಡಿಗೆ, 12 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ತೋರಿಸಿದರು. ಆಮೇಲೆ ಕಾಶಿವಿಶ್ವೇಶ್ವರ ಗುಡಿ. 'ಬರಕೋಬೇಡ್ರಿ, ಕಂಬಕ್ಕೆ ಕೈ ಹಚ್ಚಿ ನೋಡ್ರಿ' ಅಂದರು. ತಿರುಗಣಿಯಲ್ಲಿ ಕಡೆದ ಕಲ್ಲು. ಮಳೆಗೆ ತಣ್ಣಗಿತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ."

"ಟಿಕೆಟ್ ದುಡ್ಡು?"

"ಎಲ್ಲರದೂ ಮಾಸ್ತರೇ ಕೊಟ್ಟರು. ನೌಕರಿ ಸಿಕ್ಕ ಮೇಲೆ ಕೊಡ್ರಿ ಅಂದರು."

"ಕೊಟ್ಟೆಯಾ?"

ಗುರಣ್ಣ ಪ್ಲೇಟಿನಲ್ಲಿ ಉಳಿದ ಚುರುಮರಿಯನ್ನು ಒಂದೊಂದೇ ಹೆಕ್ಕಿದ. "ಹೋಗಿದ್ದೆ ಒಂದು ಸಲ. ನಮ್ಮ ರೂಮಿನಲ್ಲಿ ಬಿಕಾಂ ನಡೀತಿತ್ತು. ಇತಿಹಾಸ ತೆಗೆದು ಬಹಳ ದಿನ ಆಯ್ತು ಅಂದ ಜವಾನ."

ಮಳೆ ಜಾಸ್ತಿಯಾಯಿತು.

"ಕಂಬ ಮುಟ್ಟಿ ನೋಡು ಅಂತ ಮಗನಿಗೆ ಹೇಳ್ತೀನಿ," ಎಂದ ಶೀನ.

"ಹೇಳು. ಅದೂ ಪ್ಯಾಕೇಜಿನಲ್ಲೇ ಇದೆಯೋ, ಅದಕ್ಕೂ ದುಡ್ಡು ಬೇರೆಯೋ, ಮೊದಲು ಕೇಳಿಕೋ."