ಸ್ಲೀವ್ ಆಪರೇಷನ್ ಆಗಿ ಮೂರು ತಿಂಗಳು: ರೊಟ್ಟಿ ಇಳಿವಲ್ದು, ಸಲಾಯಿನ್ ಹಚ್ಚಿಸ್ಲೇನ್ರಿ?

ಪ್ರಶ್ನೆ (ಸದಸ್ಯೆ, ಕಲಬುರಗಿ):

ಮೇಡಂ ರೀ, ನಮಸ್ಕಾರ. ಸಂಕ್ರಾಂತಿ ಮುಗಿಸಿ ಹೈದರಾಬಾದಿಗೆ ಹೋಗಿ ತೂಕ ಇಳಿಸ್ಲಾಕ ಜಠರ ಕತ್ತರಿಸಿ ಸಣ್ಣ ಮಾಡೋ ಸ್ಲೀವ್ ಆಪರೇಷನ್ ಮಾಡಿಸ್ಕೊಂಡು ಬಂದೀನಿ. ಆವಾಗ 118 ಕಿಲೋ ಇದ್ದೆ. ಶುಗರ್ ಇತ್ತು, ರಾತ್ರಿ ಗೊರಕಿ ಹೊಡೆದು ಉಸಿರು ನಿಂತಂಗಾಗಿ ಎದ್ದು ಕೂಡ್ತಿದ್ದೆ. ಈಗ 97ಕ್ಕ ಇಳಿದೀನಿ. ಶುಗರ್ ಗುಳಿಗಿ ಡಾಕ್ಟರ್ರೇ ಬಂದ್ ಮಾಡ್ಯಾರ. ಸಾಲ್ಯಾಗ ಮಾಳಗಿ ಹತ್ತಿದ್ರ ತೇಕು ಹತ್ತಲ್ಲ. ಚಲೋ ಆಗಿದ್ದು ಮೊದಲೇ ಹೇಳ್ತೀನಿ, ಬರೀ ತ್ರಾಸು ಓದಿ ಯಾರೂ ಹೆದರಬಾರ್ದು.

ತ್ರಾಸು ಏನಂದ್ರ, ಗಂಜಿ, ನುಚ್ಚು ಇರೋತನ ಎಲ್ಲ ಸರಿ ಇತ್ತು. ರೊಟ್ಟಿ ಶುರು ಮಾಡಿದ ಮ್ಯಾಲೆ ಎರಡು ತುತ್ತಿಗೇ ಎದಿ ನಡುವ ಗಚ್ಚಂತ ಹಿಡ್ಕೊಳ್ತದ. ಹೋದ ವಾರ ಆಳಂದದಾಗ ಲಗ್ನ ಇತ್ತು. ಬೀಗರು ಒತ್ತಾಯ ಮಾಡಿ ಹೋಳಗಿ ಹಾಕಿದ್ರು. ಅರ್ಧ ತುತ್ತು ಬಾಯಿಗಿಟ್ಟಿನೋ ಇಲ್ವೋ, ಬಿಳಿ ನೊರಿ ಬರ್ಲಾಕ ಹತ್ತಿತು. ಪೆಂಡಾಲ ಹಿಂದ ಹೋಗಿ ಗೂಟ ಹಿಡ್ಕೊಂಡು ನಿಂತೆ. ಉಗುಳಿದಷ್ಟೂ ಬರ್ತದ, ಕಡೀಗಿ ತುತ್ತೂ ಬಂತು. ಒಬ್ಬಾಕಿ ಮುದುಕಿ ಬಂದು ಬೆನ್ನು ಸವರಿ 'ಎಷ್ಟು ತಿಂಗಳವ್ವಾ?' ಅಂತ ಕೇಳಿದ್ಲು!

ಕೂದ್ಲ ಹಣಿಗಿ ತುಂಬ ಬರ್ಲತ್ತಾವ. ಭಾಳ ನಿಶ್ಶಕ್ತಿ. ಅತ್ತಿಯವ್ರು ದಿನಾ ಬ್ಯಾಳಿ ಕಟ್ಟು ಕುಡಿಸ್ತಾರ, ಅದ್ರಾಗ ಪ್ರೋಟೀನ್ ಅದ ಅಂತ. ನಮ್ಮನಿಯವ್ರು 'ಓಣ್ಯಾಗಿನ ದವಾಖಾನ್ಯಾಗ ಎರಡು ಸಲಾಯಿನ್ ಹಚ್ಚಿಸ್ಕೊಂಡು ಬರಮು ನಡಿ' ಅಂತಾರ. ಹಚ್ಚಿಸ್ಲೇನ್ರಿ?

ಉತ್ತರ (ಆಹಾರ ತಜ್ಞೆ):

ಅಕ್ಕೋರೆ, ಮೊದಲು ನಾನು ಕೇಳಿದ್ದಕ್ಕೆ ಹೇಳ್ರಿ. ವಾಂತಿ ಎಷ್ಟು ದಿನದಿಂದ ನಡೆದಿದೆ? ಪಾದ ಜುಮ್ ಅನ್ನೋದು, ನಡೆಯುವಾಗ ಜೋಲಿ ಹೋಗೋದು, ಒಂದು ಎರಡಾಗಿ ಕಾಣೋದು ಏನಾದರೂ ಇದೆಯಾ? ವಿಟಮಿನ್ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿವೆಯಾ? ಇದು ಗೊತ್ತಾಗೋವರೆಗೂ ಸಲೈನ್ ಬೇಡ.

ಸದಸ್ಯೆ:

ಮೂರು ವಾರದ ಮ್ಯಾಲಾಯ್ತ್ರಿ, ದಿನಾ ಒಂದೆರಡು ಸಲ ಆಗ್ತದ. ಗುಳಿಗೀನೂ ಹೊರಗ ಬರ್ತಾವ. ಪಾದ ಜುಮ್ ಅಂತಾವ ಖರೆ. ಎರಡೆರಡು ಏನೂ ಕಾಣಲ್ಲ.

ಉತ್ತರ:

ಹಾಗಾದರೆ ಇದು ಗುಂಪಿನಲ್ಲಿ ಕೂತು ಮಾತಾಡೋ ವಿಷಯ ಅಲ್ಲ. ಇವತ್ತೇ, ನಾಳೆ ಅಲ್ಲ, ಫಿಜಿಶಿಯನ್ ಇರೋ ದೊಡ್ಡ ಆಸ್ಪತ್ರೆಗೆ ಹೋಗ್ರಿ. ಹೈದರಾಬಾದಿನ ಸರ್ಜನ್‌ಗೆ ದಾರಿಯಲ್ಲೇ ಫೋನ್ ಮಾಡ್ರಿ. ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಹೇಳಬೇಕಾದ ಮಾತು ಇದು: 'ನನಗೆ ಸ್ಲೀವ್ ಆಗಿದೆ, ಮೂರು ವಾರದಿಂದ ವಾಂತಿ, ಪಾದ ಜುಮ್ ಅಂತಿವೆ. ಗ್ಲೂಕೋಸ್ ಹಚ್ಚೋಕ್ಕಿಂತ ಮುಂಚೆ ಥಯಾಮಿನ್ ಕೊಡ್ರಿ.'

ಯಾಕೆ ಅಂತ ಉಳಿದವರೂ ಓದ್ರಿ. ಥಯಾಮಿನ್ ಅಂದರೆ ಬಿ1 ವಿಟಮಿನ್. ನಮ್ಮ ಮೈ ಅದನ್ನು ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಕೂಡಿಟ್ಟುಕೊಳ್ಳುತ್ತದೆ. ಊಟ ಕಡಿಮೆ, ಮೇಲೆ ವಾಂತಿ ಅಂದರೆ ಅದು ಬೇಗ ಖಾಲಿ. ಸಕ್ಕರೆಯನ್ನು ಶಕ್ತಿ ಮಾಡಿಕೊಳ್ಳೋಕೆ ಈ ಬಿ1 ಬೇಕೇ ಬೇಕು. ಖಾಲಿ ಇದ್ದಾಗ ರಕ್ತನಾಳಕ್ಕೆ ನೇರ ಗ್ಲೂಕೋಸ್ ಸುರಿದರೆ ಉಳಿದಿದ್ದೂ ಅದಕ್ಕೇ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ: ಕಣ್ಣು ಓಲಾಡೋದು, ನಡಿಗೆ ತಪ್ಪೋದು, ಮಾತು ಮರೆಯೋದು. ತಡವಾದರೆ ಪೂರ್ತಿ ವಾಪಸ್ ಬರೋದಿಲ್ಲ. ನಮ್ಮ ಕಡೆ ನಿಶ್ಶಕ್ತಿ ಅಂದರೆ ಸಾಕು, ಗ್ಲೂಕೋಸ್ ಇರೋ ಸಲೈನ್ ಬಾಟ್ಲಿ ಏರಿಸಿಬಿಡೋ ರೂಢಿ ಇದೆಯಲ್ಲ, ಈ ಆಪರೇಷನ್ ಆದವರಿಗೆ ಅದರಷ್ಟು ಅಪಾಯದ ರೂಢಿ ಇನ್ನೊಂದಿಲ್ಲ. ಸಲೈನೇ ಕೆಟ್ಟದ್ದು ಅಂತಲ್ಲ. ನೀರು ಕಡಿಮೆಯಾಗಿದ್ದರೆ ಅದೂ ಬೇಕು, ಆದರೆ ಥಯಾಮಿನ್ ಮೊದಲು.

ಇನ್ನೊಂದು: 'ಆಪರೇಷನ್ ಆದಮೇಲೆ ವಾಂತಿ ಆಗೋದೇ' ಅಂತ ಯಾರಾದರೂ ಸಮಾಧಾನ ಹೇಳಿದರೆ ಕಿವಿಗೆ ಹಾಕ್ಕೋಬೇಡ್ರಿ. ಅವಸರದಲ್ಲಿ ಉಂಡು ಒಮ್ಮೆ ಆಗೋದು ಬೇರೆ. ದಿನಾ ಆಗುತ್ತಿದ್ದರೆ ಹೊಲಿಗೆ ಹಾಕಿದ ಜಠರ ನಡುವೆ ಸಣ್ಣ ಆಗಿರಬಹುದು. ಅದನ್ನು ದುರ್ಬೀನು (ಎಂಡೋಸ್ಕೋಪಿ) ಹಾಕಿ ನೋಡಬೇಕು.

ಸದಸ್ಯೆ (ಮುಂದಿನ ವಾರ):

ಮೇಡಂ ರೀ, ಅವತ್ತ ರಾತ್ರೀನೇ ಅಡ್ಮಿಟ್ ಆದೆ. ನೀವು ಬರೆದಿದ್ದು ಮೊಬೈಲ್‌ನಾಗ ತೋರಿಸಿದೆವು. ಡ್ಯೂಟಿ ಡಾಕ್ಟರ್ ಓದಿ ಮೊದಲು ಥಯಾಮಿನ್ ಹಾಕಿ, ಆಮ್ಯಾಲೆ ಸಲಾಯಿನ್ ಹಚ್ಚಿದ್ರು. ಅಲ್ಲಿಂದ ಹೈದರಾಬಾದಿಗೆ ಹೋದೆವು. ದುರ್ಬೀನ್ಯಾಗ ಸ್ಲೀವ್ ನಡುವ ಸಣ್ಣ ಆಗ್ಯದಂತ ಕಂಡು ಬಲೂನ್ ಹಾಕಿ ಅಗಲ ಮಾಡ್ಯಾರ. ಈಗ ಮೆತ್ತಂದು ಇಳೀಲತ್ತದ. ಜುಮ್ ಅನ್ನೋದು ಕಮ್ಮಿ ಆಗ್ಯದ, ಪೂರಾ ಹೋಗಿಲ್ಲ. ನಮ್ಮನಿಯವ್ರು ಈಗ ಸಲಾಯಿನ್ ಹೆಸರೇ ಎತ್ತಲ್ರು. ಉಳಿದಿದ್ದಕ್ಕ ಉತ್ರ ಕೊಡ್ರಿ: ಬ್ಯಾಳಿ ಕಟ್ಟು, ಕೂದ್ಲ, ರೊಟ್ಟಿ.

ಉತ್ತರ:

ಜೀವ ಬಂದಂಗಾಯ್ತು ಓದಿ. ಈಗ ಬೇಳೆ ಕಟ್ಟಿನ ಮಾತಾಡೋಣ.

ಅತ್ತೆಯವರ ಪ್ರೀತಿ ದೊಡ್ಡದು, ಆದರೆ ಕಟ್ಟಿನಲ್ಲಿ ಇರೋದು ಬಹುಪಾಲು ನೀರು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಬೇಳೆಗೆ, ಬೇಳೆ ಬೇಯಿಸಿದ ನೀರಿಗಲ್ಲ! 100 ಗ್ರಾಂ ಒಣ ಬೇಳೆಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ನಿಮಗೆ ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಬೇಕು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಹೆಚ್ಚೇ ತೆಗೆದುಬಿಡುತ್ತಾರೆ. ಉಳಿದಿದ್ದರಲ್ಲಿ ಮೊದಮೊದಲು ಹಿಡಿಸೋದು 100–150 ಮಿಲಿ. ಆ ಜಾಗವನ್ನು ನೀರಿನಂಥ ಕಟ್ಟಿಗೆ ಕೊಟ್ಟರೆ ಗಟ್ಟಿ ಬೇಳೆಗೆ ಎಲ್ಲಿ ಜಾಗ? ಬೇಳೆಯನ್ನು ಮೆತ್ತಗೆ ಬೇಯಿಸಿ, ಕಡೆದು, ಪಿಠ್ಲದ ಹದಕ್ಕೆ ತರಲು ಹೇಳ್ರಿ. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 50 ಗ್ರಾಂ ಪನೀರ್‌ನಲ್ಲಿ 9. ತತ್ತಿ ತಿನ್ನದವರಿಗೆ ಈ ಲೆಕ್ಕ ಬರೀ ಊಟದಲ್ಲಿ ಕೂಡೋದು ಕಷ್ಟ. ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ತಗೊಳ್ರಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೂದಲು: ಮೂರನೇ ತಿಂಗಳಿಗೆ ಶುರುವಾಗಿ ಆರನೇ ತಿಂಗಳವರೆಗೆ ಉದುರೋದು ಈ ಆಪರೇಷನ್ ಆದ ಬಹಳ ಜನರಲ್ಲಿ ಇದೆ. ಬಾಣಂತಿಯರಿಗೆ ಉದುರುತ್ತಲ್ಲ, ಅದೇ ತರಹದ್ದು, ಬೇರು ಸಾಯೋದಿಲ್ಲ, ತಿರುಗಿ ಬರುತ್ತದೆ. ಎಣ್ಣೆ ಬದಲಿಸೋ ದುಡ್ಡಿನಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಡಿ ವಿಟಮಿನ್ ರಕ್ತ ಪರೀಕ್ಷೆ ಮಾಡಿಸ್ರಿ. ವರ್ಷದ ಮೇಲೂ ಉದುರುತ್ತಿದ್ದರೆ ಕಾರಣ ಬೇರೆ ಹುಡುಕಬೇಕು. ವಿಟಮಿನ್ ಗುಳಿಗೆ ಜೀವ ಇರೋತನಕ. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಎರಡು ತಾಸಿನ ಅಂತರ ಇರಲಿ.

ಬಿಸಿಲಿನ ಮಾತು ಹೇಳದಿದ್ದರೆ ಆಗೋದಿಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ. ನಿಮಗೆ ಮೊದಲಿನ ಹಾಗೆ ಗಟಗಟ ಒಂದು ಚೊಂಬು ಕುಡಿಯೋಕೆ ಬರೋದಿಲ್ಲ. ಬಾಟ್ಲಿ ಕೈಯಲ್ಲೇ ಇಟ್ಟುಕೊಂಡು ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ದಾಟಿಸ್ರಿ. ಊಟದ ಜೊತೆ ನೀರು ಬೇಡ, ಉಂಡು ಅರ್ಧ ತಾಸು ಬಿಟ್ಟು ಕುಡೀರಿ. ಸಾಲೆಯಲ್ಲಿ ಪಾಠ ಮಾಡುವಾಗ ಮರೀತೀರಿ, ಹಾಗಾಗಿ ಪ್ರತಿ ಪಿರಿಯಡ್ ಗಂಟೆಗೆ ನಾಲ್ಕು ಗುಟುಕು ಅಂತ ಇಟ್ಟುಕೊಳ್ರಿ. ಬಿಪಿ ಗುಳಿಗೆ ನಡೆದಿದ್ದರೆ ಡೋಸ್ ಕಡಿಮೆ ಮಾಡಬೇಕಾ ಅಂತ ಡಾಕ್ಟರನ್ನು ಕೇಳ್ರಿ. ತೂಕ ಇಳಿದ ಮೇಲೆ ಹಳೇ ಡೋಸೇ ನುಂಗಿ, ಬಿಸಿಲಲ್ಲಿ ತಲೆ ತಿರುಗಿ ಬೀಳೋರು ಇದ್ದಾರೆ.

ಪ್ರಶ್ನೆ (ಸದಸ್ಯ, ಬೀದರ್):

ನಮ್ಮಣ್ಣಗ ಬೈಪಾಸ್ ಆಗ್ಯದ, ಹಾರ್ಟಿಂದಲ್ಲ, ತೂಕದ್ದು. ಮೊಣಕಾಲು ನೋವಿಗಿ ಮೆಡಿಕಲ್‌ನಾಗ ಕೊಟ್ಟ ಗುಳಿಗಿ ತಿಂಗಳಾನುಗಟ್ಟಲೆ ನುಂಗ್ಲತ್ತಾನ. ಬೀಡಿನೂ ಬಿಟ್ಟಿಲ್ಲ. ನಡೀತದೇನ್ರಿ?

ಉತ್ತರ:

ನಡೆಯೋದಿಲ್ಲ ಅಣ್ಣಾರೆ, ಎರಡೂ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಜಾತಿಯ ಗುಳಿಗೆಗಳು ಬೈಪಾಸ್‌ನಲ್ಲಿ ಜಠರಕ್ಕೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡುತ್ತವೆ. ಹುಣ್ಣು ಒಡೆದು ರಕ್ತ ಹೋಗಬಹುದು, ತೂತೇ ಬೀಳಬಹುದು. ಬೀಡಿ ಅದಕ್ಕೆ ಕುಮ್ಮಕ್ಕು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಆಗುತ್ತದೆ, ಅದನ್ನೂ ಡಾಕ್ಟರ್ ಹೇಳಿದಷ್ಟೇ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದೆಯಾ ಕೇಳ್ರಿ, ಹೌದಂದರೆ ಕರಕೊಂಡು ಓಡ್ರಿ.

ಪ್ರಶ್ನೆ (ಸದಸ್ಯೆ, ಕಲಬುರಗಿ):

ಬಾಜಿ, ನಂದೂ ಬೈಪಾಸ್, ಹೋದ ತಿಂಗಳು ಆಯ್ತು. ಮುಂದಿನ ರಂಜಾನ್‌ದಾಗ ರೋಜಾ ಹಿಡೀಬಹುದಾ? ಮತ್ತ ಮನ್ಯಾಗ ಮಗು ಅಂತ ಅವಸರ ಮಾಡ್ಲತ್ತಾರ.

ಉತ್ತರ:

ತಂಗೀ, ಮೊದಲ ವರ್ಷ ರೋಜಾ ಬೇಡ ಅಂತಲೇ ನಾವು ಹೇಳೋದು, ಹಗಲೆಲ್ಲ ಗುಟುಕು ನೀರು ತಪ್ಪಿದರೆ ನಿಮಗೆ ತಡೆಯೋದಿಲ್ಲ. ಕಾಯಿಲೆಯವರಿಗೆ ಆಮೇಲೆ ಹಿಡಿಯೋ ಅವಕಾಶ ಇದೆಯಲ್ಲ, ಮೌಲಾನಾರನ್ನೂ ಕೇಳ್ರಿ. ಮುಂದೆ ಹಿಡಿದಾಗಲೂ ಇಫ್ತಾರಿಗೆ ಶರಬತ್ತು, ನಾಲ್ಕು ಖರ್ಜೂರ ಒಟ್ಟಿಗೆ ಬೇಡ. ಬೈಪಾಸ್ ಆದವರಿಗೆ ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಎದೆ ಢವಢವ, ಬೆವರು, ಭೇದಿ ಆಗುತ್ತದೆ. ಮಗು 12ರಿಂದ 18 ತಿಂಗಳು ಬಿಟ್ಟು. ತೂಕ ಇಳಿಯೋಕೆ ಶುರುವಾದರೆ ಗರ್ಭ ನಿಲ್ಲೋ ಸಾಧ್ಯತೆ ಹೆಚ್ಚುತ್ತದೆ, ಹಾಗಾಗಿ ಈಗಲೇ ಡಾಕ್ಟರ ಹತ್ತಿರ ಹೋಗಿ ತಡೆಯೋ ಉಪಾಯ ಕೇಳ್ರಿ. ಬೈಪಾಸ್ ಆದಮೇಲೆ ಬರೀ ಗುಳಿಗೆ ನಂಬೋ ಹಾಗಿಲ್ಲ.

ಪ್ರಶ್ನೆ (ಸದಸ್ಯ, ಯಾದಗಿರಿ):

ತಮ್ಮಗ 95 ಕಿಲೋ, ಎತ್ತರ 5 ಅಡಿ 6 ಇಂಚು, ಶುಗರ್ ಕಂಟ್ರೋಲ್‌ಗೆ ಬರಲ್ದು. ಸರ್ಜನ್ ಆಪರೇಷನ್ ಆಗ್ತದ ಅಂದ್ರು, ಇನ್ಶೂರೆನ್ಸ್‌ನೋರು ಆಗಲ್ಲ ಅಂದ್ರು. ಯಾರದು ಖರೆ?

ಉತ್ತರ:

ಇಬ್ಬರದೂ ಖರೆ. ಅವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 34ರ ಆಸುಪಾಸು. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ನಮ್ಮಂಥ ಏಷ್ಯಾದವರಿಗೆ 27.5 ದಾಟಿದರೆ ಆಪರೇಷನ್ ಯೋಚಿಸಬಹುದು ಅಂತಿದೆ. ನಮ್ಮ ಇನ್ಶೂರೆನ್ಸ್ ನಿಯಮದಲ್ಲಿ 40, ಇಲ್ಲವೇ ಹತೋಟಿಗೆ ಬಾರದ ಶುಗರ್‌ನಂಥ ದೊಡ್ಡ ಕಾಯಿಲೆ ಜೊತೆಗಿದ್ದರೆ 35. ಪಾಲಿಸಿಯ ವೇಟಿಂಗ್ ಪಿರಿಯಡ್ ಕೂಡ ನೋಡ್ರಿ. ಕ್ಲೇಮ್‌ಗೋಸ್ಕರ ತೂಕ ಏರಿಸೋ ಐಡಿಯಾ ಯಾರಾದರೂ ಕೊಟ್ಟರೆ ಅವರನ್ನು ಮನೆಗೆ ಸೇರಿಸಬೇಡ್ರಿ.

ಮೊದಲ ಸದಸ್ಯೆ:

ರೊಟ್ಟಿ ಬಿಟ್ರಲ್ರಿ ಮೇಡಂ!

ಉತ್ತರ:

ಬಿಟ್ಟಿಲ್ಲ ಅಕ್ಕೋರೆ. ಬಲೂನ್ ಹಾಕಿದ್ದಾರೆ, ಸರ್ಜನ್ ಹೂಂ ಅನ್ನೋವರೆಗೆ ನುಚ್ಚು, ಕಡೆದ ಬೇಳೆ, ಮೊಸರು ಅಷ್ಟೇ. ಆಮೇಲೆ ಶುರು ಮಾಡುವಾಗ ಬಿಸಿ ಮೆತ್ತನೆ ರೊಟ್ಟಿಗಿಂತ ಖಡಕ್ ರೊಟ್ಟಿ ವಾಸಿ. ಮೆತ್ತಂದು, ಅದರಲ್ಲೂ ಚಪಾತಿ, ಬ್ರೆಡ್, ಹೋಳಿಗೆ ಬಾಯಲ್ಲಿ ಅಂಟುಂಡೆ ಆಗಿ ಇಕ್ಕಟ್ಟಾದ ಜಾಗದಲ್ಲಿ ಕೂತುಬಿಡುತ್ತದೆ. ಖಡಕ್ ರೊಟ್ಟಿಯ ಕಾಲು ಭಾಗ ಪುಡಿ ಮಾಡಿ, ಗಟ್ಟಿ ಬೇಳೆಯಲ್ಲಿ ನೆನೆಸಿ, ಟೀ ಚಮಚದಲ್ಲಿ ತಿನ್ರಿ. ಬೇಳೆ ಮೊದಲು, ಪಲ್ಯ ಆಮೇಲೆ, ರೊಟ್ಟಿ ಕಡೆಗೆ. ಶೇಂಗಾ ಹಿಂಡಿ ಮೊಸರಲ್ಲಿ ಕಲಸಿ ಚೂರು ಹಚ್ಚಿಕೊಂಡರೆ ನಡೆಯುತ್ತದೆ, ಖಾರ ಕಡಿಮೆ ಇರಲಿ. ಮೂಗು ಸೋರೋದು, ಬಿಕ್ಕಳಿಕೆ, ಎದೆ ಒತ್ತಿದಂಗಾಗೋದು, ಇವುಗಳಲ್ಲಿ ಒಂದು ಬಂದರೂ ಅಲ್ಲಿಗೆ ತಟ್ಟೆ ಸರಿಸ್ರಿ, ಇನ್ನೊಂದು ಚಮಚ ಬೇಡ. ಮತ್ತೆ ದಿನಾ ವಾಂತಿ ಶುರುವಾದರೆ ಇಲ್ಲಿ ಬರೆಯುತ್ತಾ ಕೂಡಬೇಡ್ರಿ, ಬಲೂನ್ ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ. ದುರ್ಬೀನು ರಿಪೋರ್ಟು, ರಕ್ತದ ರಿಪೋರ್ಟು ಎರಡೂ ಬಂದಮೇಲೆ ನನಗೆ ಕಳಿಸ್ರಿ, ಮುಂದಿನ ತಿಂಗಳ ಊಟದ ಪಟ್ಟಿ ಅದನ್ನು ನೋಡಿ ಮಾಡೋಣ.