ಎರಡನೇ ಬೆಳಿಗೆ ನೀರಿಲ್ಲ, ಕಾಲುವಿ ದಂಡಿಗೆ ಕುರಿ ಮೇಯಿಸಿದ್ರ ಹೆಂಗ್ರಿ?

ಮಾನ್ವಿ ಕಡೆ ರೈತ:
ನಮಸ್ಕಾರ ರೀ ಎಲ್ಲಾರಿಗೂ. ನಮ್ದು ತುಂಗಭದ್ರಾ ಎಡದಂಡೆ ಕಾಲುವಿ ಟೇಲ್ ಎಂಡ್, ಅಂದ್ರ ಕಟ್ಟಕಡೀ ಭಾಗ, 6 ಎಕರೆ ಎರಿ ಹೊಲ. 2024ರ ಆಗಸ್ಟ್‌ನಾಗ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋತಲ್ರಿ, 33ಕ್ಕ 33 ಗೇಟೂ ಹೊಸಾವು ಹಾಕಬೇಕಂತ 2025-26ರ ಎರಡನೇ ಬೆಳಿಗೆ ನೀರು ಬಿಡಂಗಿಲ್ಲ ಅಂದ್ರು, ಆ ಕೆಲಸ ಆಗಲೇಬೇಕು, ಅದಕ್ಕ ನಂದೇನೂ ತಕರಾರಿಲ್ಲ. ಆದ್ರ ಹೊಲ ಬೀಳು ಬಿಟ್ಟು ಮನ್ಯಾಗ ಕುಂದ್ರಾಕ ಮನಸ್ಸು ಒಪ್ಪವಲ್ದು. 25 ಕೆಂಗುರಿ ತರಬೇಕಂತ ಮಾಡೀನಿ, ಕಾಲುವಿ ದಂಡಿಗೆ ಹಸಿ ಹುಲ್ಲು ಬೇಕಾದಷ್ಟೈತಿ. ನಮ್ಮನ್ಯಾಗ ಯಾರೂ ಕುರಿ ಸಾಕಿದವ್ರಲ್ಲ, ಏನೇನ್ ನೋಡ್ಕೋಬೇಕು ಹೇಳ್ರಿ.

ಕುಷ್ಟಗಿ ಕುರಿಗಾರ:
ಅಣ್ಣಾ ಆ ಹಸಿ ಹುಲ್ಲೇ ಮೋಸ ನೋಡ್ರಿ. ಕಾಲುವಿ ಬಂದಾದ ಮ್ಯಾಲೆ ಅಲ್ಲಲ್ಲಿ ಗುಂಡಿ ನೀರು ನಿಲ್ತೈತಿ, ಅದ್ರಾಗ ಸಣ್ಣ ಬಸವನಹುಳ ಇರ್ತಾವ, ಅವುರಿಂದ ಹೊರಬಿದ್ದ ಮರಿಹುಳ ಹುಲ್ಲಿಗೆ ಅಂಟಿ ಕುರಿ ಹೊಟ್ಟ್ಯಾಗ ಹೋಗಿ ಈಲಿ, ಅಂದ್ರ ಲಿವರ್, ತಿಂತಾವ. ನಾವು ಒಂದು ವರ್ಷ ಗಂಗಾವತಿ ಕಡೆ ಬತ್ತದ ಗದ್ದ್ಯಾಗ ಬಿಟ್ಟಿದ್ವಿ, ಮೈ ತುಂಬ್ಕೊಂಡಾವ ಅಂತ ಖುಷಿ ಪಟ್ವಿ, ಎರಡು ತಿಂಗಳಿಗೆ ಗದ್ದದ ಕೆಳಗ ನೀರು ತುಂಬಿ ಜೋತು ಬಿದ್ದು 11 ಕುರಿ ಹೋದ್ವು. ನಮ್ಮಪ್ಪ ಆವತ್ತಿನಿಂದ ಗದ್ದಿ ಕಡೆ ಕುರಿ ಹೊಡದಿಲ್ಲ. ಜಂತಿನ ಔಷಧದಾಗ ಕೆಲವಷ್ಟ ಇದಕ್ಕ ನಡೀತಾವ, ಎಲ್ಲಾವೂ ಅಲ್ಲ, ಮೊದ್ಲು ದನದ ದವಾಖಾನ್ಯಾಗ ಹಿಕ್ಕಿ ಪರೀಕ್ಷೆ ಮಾಡಸ್ರಿ, ಆಮ್ಯಾಲೆ ಡಾಕ್ಟ್ರು ತೂಕ ನೋಡಿ ಹೇಳಿದಷ್ಟ ಕುಡಸ್ರಿ. ಕೆಂಗುರಿ ಒಣ ಗುಡ್ಡದಾಗ ಬೆಳದ ತಳಿ, ಅದಕ್ಕ ಕೆಸರು ಆಗಿ ಬರಂಗಿಲ್ಲ.

ಸಿಂಧನೂರು:
ಮ್ಯಾಲಿನವ್ರು ಹೇಳಿದ್ದು ಖರೆ. ಇನ್ನೊಂದು, ಬತ್ತ ಕೊಯ್ದ ಹೊಲದಾಗ ಹಸಿ ಆರೋದ್ರಾಗ ಕಡ್ಲಿ ಹಾಕ್ರಿ, ಹೊಟ್ಟು ಕುರಿಗೆ ಬೇಸಿಗಿ ತನಕ ಆಗ್ತೈತಿ. ಜೋಳ ಹಾಕಿದ್ರ ಎಳಿ ಬೆಳಿ, ಅದೂ ನೀರಿಲ್ದ ಬಾಡಿದ್ದು, ಬಾಯಿಗೆ ಸಿಗದಂಗ ನೋಡ್ಕೋರಿ, ವಿಷ ಏರಿ ನಿಂತಲ್ಲೇ ಬೀಳ್ತಾವ. ಮೊದ್ಲಿಂದ ನಮ್ ಕಾಲುವಿಗೆ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾನ ಗೊತ್ತುಮಾಡಿದ್ದು ರೀ, ಮ್ಯಾಲಿನ ಭಾಗದವ್ರು ಬತ್ತ ನಾಟಿ ಮಾಡ್ಕೋಂತ ಹೋಗಿ ನಮ್ಮಂಥ ಕೊನಿ ಭಾಗದವ್ರಿಗೆ ನೀರು ಮುಟ್ಟದಂಗಾತು. 133 ಟಿಎಂಸಿ ಡ್ಯಾಮ್ ಹೂಳು ತುಂಬಿ 105ಕ್ಕ ಬಂದೈತಿ, ಇದನ್ನ ನೆನಸಿದ್ರ ಹೊಟ್ಟಿ ಉರೀತೈತಿ.

ಮಾನ್ವಿ ಕಡೆ ರೈತ:
ದೊಡ್ಡ ಉಪಕಾರ ಆತ್ರಿ. 25 ಬ್ಯಾಡ, 10 ತರ್ತೀನಿ, ದಂಡಿಗೆ ಬಿಡಂಗಿಲ್ಲ. ಕುಷ್ಟಗಿ ಅಣ್ಣಾ, ನಿಮ್ ಕಡೆ ಸಂತಿ ಯಾವತ್ತು, ಹಲ್ಲು ನೋಡಿ ಆರಿಸಾಕ ನೀವೊಬ್ರು ಜೊತಿಗೆ ಬರ್ತೀರೇನ್ರಿ?

ಕುಷ್ಟಗಿ ಕುರಿಗಾರ:
ಬರ್ತೀನಿ ಬರ್ರಿ. ಹಿಂದಿನ ದಿನಾನ ಬಂದು ನಮ್ಮನ್ಯಾಗ ಉಳ್ಕೋರಿ, ನಸುಕಿನ್ಯಾಗ ಹೋದ್ರ ಚಲೋ ಮರಿ ಸಿಗ್ತಾವ.