‘ಎರಡೇ ದಿನದಲ್ಲಿ ಮರದ ನೆಲ’: ಮನೆ ಗುಂಪಿನಲ್ಲಿ ಬಿದ್ದ ವಿಡಿಯೊ

ಪ್ರದೀಪ: (ಫಾರ್ವರ್ಡ್ ಮಾಡಿದ ವಿಡಿಯೊ: ‘ಎರಡೇ ದಿನದಲ್ಲಿ ಗಟ್ಟಿ ಮರದ ನೆಲ, ನೀವೇ ಹಾಕಿ’) ಕ್ಯಾತ್ಸಂದ್ರದ ಮನೆ ಮುಂದಿನ ರೂಮಿಗೆ ಇದೇ ಮಾಡೋಣ. 12 ಅಡಿಗೆ 10 ಅಡಿ. ಟೈಲ್ಸ್ ಕೀಳೋದೂ ಬೇಡ.

ಮೋಹನ್ ಚಿಕ್ಕಪ್ಪ: ಮೊಳೆ ಯಾವುದಕ್ಕೆ ಹೊಡೀತೀಯಪ್ಪಾ? ವಿಡಿಯೊದವರ ನೆಲದ ಕೆಳಗಿರೋದು ಮರದ ತೊಲೆ, ಅದರ ಮೇಲೆ ಪ್ಲೈವುಡ್. ನಮ್ಮದು ಮಣ್ಣು ತುಂಬಿ ಕಾಂಕ್ರೀಟ್ ಹಾಕಿ ಮೇಲೆ ವಿಟ್ರಿಫೈಡ್ ಟೈಲ್ಸ್. 2 ಇಂಚಿನ ಮೊಳೆ ಟೈಲ್ಸಲ್ಲಿ ಇಳಿಯುತ್ತಾ?

ಪ್ರದೀಪ: ಪ್ಲೈ ಹಾಸಿದ್ರಾಯ್ತು ಚಿಕ್ಕಪ್ಪ. 8 ಬೈ 4ದು ನಾಲ್ಕೇ ಶೀಟು. ಮೊದಲ ಸಾಲು 8+4, ಎರಡನೇದು 4+8, ಉಳಿದ 2 ಅಡಿಗೆ ನಾಲ್ಕನೇ ಶೀಟು ಉದ್ದಕ್ಕೆ ಸೀಳಿದ್ರೆ ಮುಗೀತು. ಹಲಗೆ 10 ಪರ್ಸೆಂಟ್ ವೇಸ್ಟ್ ಸೇರಿ 132 ಚದರಡಿ.

ಮೋಹನ್ ಚಿಕ್ಕಪ್ಪ: ಲೆಕ್ಕ ಸರಿ. ಐಎಸ್ 710 ಗುರುತಿರೋ (ನೀರು ತಾಳೋ ಮರೈನ್ ಪ್ಲೈ) 18 ಮಿಮೀ ಪ್ಲೈ ತಗೋ, ಶೀಟುಗಳ ಮಧ್ಯೆ 3 ಮಿಮೀ ಸಂದು ಬಿಡು, ಇಲ್ಲಾಂದ್ರೆ ಉಬ್ಬಿ ಅಂಚು ಎದ್ದು ಕಿರ್‌ಗುಟ್ಟುತ್ತೆ. ಆದ್ರೆ 18 ಪ್ಲೈ, 18 ಹಲಗೆ, ನೆಲ ಒಂದೂವರೆ ಇಂಚು ಮೇಲೆ ಬಂತು. ಬಾಗಿಲು ಕೊಯ್ಯಬೇಕು, ಹಾಲ್ ಕಡೆ ಎಡವೋ ಮೆಟ್ಟಿಲಾಗುತ್ತೆ. ಪ್ಲೈ ಬಿಗಿಯೋಕೆ ಟೈಲ್ಸ್‌ಗೆ ಡ್ರಿಲ್ ಹಾಕ್ಬೇಕು, ಒಳಗೆ ಟೊಳ್ಳಿರೋ ಕಡೆ ಒಡೀತಾವೆ.

ಸುಮಕ್ಕ: ನೀವಿಬ್ರೂ ಮೇಲಿಂದ ಶುರು ಮಾಡಿದ್ರಿ. ಮೊದಲು ತೇವ ನೋಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಟೇಪ್, ಕನಿಷ್ಠ 16 ಗಂಟೆ. ಒಳಗೆ ಹನಿ ಕಂಡ್ರೆ, ಕಾಂಕ್ರೀಟ್ ಕಪ್ಪಾದ್ರೆ ಮರದ ಮಾತೇ ಬೇಡ.

ಪ್ರದೀಪ: ತುಮಕೂರಲ್ಲಿ ಎಲ್ಲಿಂದ ಬಂತಕ್ಕ ತೇವ! ಟೈಲ್ಸ್ ಮೇಲೆ ಈಗಲೇ ಅಂಟಿಸಿ ತೋರಿಸ್ತೀನಿ.

ಸುಮಕ್ಕ: ಟೈಲ್ಸ್ ಮೇಲೆ ಏನೂ ಕಾಣಲ್ಲ ಕಣೋ, ವಿಟ್ರಿಫೈಡ್ ನೀರು ಬಿಡಲ್ಲ, ಬಂದ್ರೆ ಸಂದಿಯಲ್ಲಿ ಬರುತ್ತೆ. 2 ಅಡಿಯ ಒಂದು ಟೈಲ್ ಎಬ್ಬಿಸಿ, ಕೆಳಗಿನ ಕಾಂಕ್ರೀಟ್‌ಗೆ ಅಂಟಿಸು. ಅದೂ ಏಪ್ರಿಲಲ್ಲಿ ಅಲ್ಲ, ಸೆಪ್ಟೆಂಬರ್-ಅಕ್ಟೋಬರ್ ಮಳೆ ಆದ್ಮೇಲೆ.

ಕೋಲಾರ ಅತ್ತೆ: ಪ್ರದೀಪ ಹೇಳಿದ ಒಣ ಹವಾನೇ ಅರ್ಧ ತೊಂದರೆ. ಬೇಸಿಗೇಲಿ ಬಿಗಿಯಾಗಿ ಕೂರಿಸಿದ್ದು ಮಳೆಗಾಲಕ್ಕೆ ಗೂನಾಗುತ್ತೆ. ಹಲಗೆ ಕಟ್ಟು ಬಿಚ್ಚಿ, ಮಧ್ಯೆ ರೀಪರ್ (ಸಣ್ಣ ಮರದ ಪಟ್ಟಿ) ಇಟ್ಟು ಅದೇ ರೂಮಲ್ಲಿ ಒಂದು ವಾರ ಜೋಡಿಸಿಡಿ. ದಿನ ಎಣಿಸೋದಕ್ಕಿಂತ ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ನಂಬಿ: 3 ಇಂಚಿಗಿಂತ ಅಗಲದ ಹಲಗೆಗೂ ಪ್ಲೈಗೂ 2 ಪರ್ಸೆಂಟ್ ಮೀರಿ ವ್ಯತ್ಯಾಸ ಇರಬಾರದು. ‘ಎರಡೇ ದಿನ’ ಅಂತೆ!

ಮೋಹನ್ ಚಿಕ್ಕಪ್ಪ: ಕೋಲಾರದ ಅಕ್ಕ ಹೇಳಿದ್ದು ನಿಜ. ಮರ ಉದ್ದಕ್ಕೆ ಹಿಗ್ಗೋದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಹಿಗ್ಗುತ್ತೆ. 10 ಅಡಿ ಅಗಲದಲ್ಲಿ ಮರದ ತೇವ 3 ಪರ್ಸೆಂಟ್ ಏರಿದ್ರೆ ತೇಗ ಸುಮಾರು 17 ಮಿಮೀ, ರೆಡ್ ಓಕ್ ಅದರ ಎರಡರಷ್ಟು. ಮೊಳೆ ಸ್ವಲ್ಪ ತಡೀಬಹುದು, ಪೂರ್ತಿ ಅಲ್ಲ. ವಿಡಿಯೊದವನು ಗೋಡೆಗೆ ಒತ್ತಿ ಮೊದಲ ಸಾಲು ಕೂರಿಸ್ತಾನೆ ನೋಡಿ. ಸುತ್ತ 18 ಮಿಮೀ ಬಿಡಬೇಕು. ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಗೋಡೆಗೆ ಹೊಡೀಬೇಕು, ಹಲಗೆಗೆ ಅಲ್ಲ.

ಪ್ರದೀಪ: ಸರಿ, ಗಟ್ಟಿ ಮರ ಬಿಡಿ. 14 ಮಿಮೀ ಎಂಜಿನಿಯರ್ಡ್ ವುಡ್, ಅಂಚು ಒಂದಕ್ಕೊಂದು ಸಿಕ್ಕಿಸೋ ಕ್ಲಿಕ್ ಲಾಕ್ ಇರೋದು? ಮೊಳೆಯೂ ಇಲ್ಲ, ಗೋಂದೂ ಇಲ್ಲ.

ಕೋಲಾರ ಅತ್ತೆ: ಅದು ಪ್ಲೈ ಮೇಲೆ ಅಂಟಿಸಿದ ಮರದ ಸಿಪ್ಪೆ.

ಮೋಹನ್ ಚಿಕ್ಕಪ್ಪ: ಸಿಪ್ಪೆ ದಪ್ಪ ನೋಡಿ ತಗೊಂಡ್ರಾಯ್ತಕ್ಕ. ಮೇಲ್ಪದರ 3-4 ಮಿಮೀ ಇದ್ರೆ ಮುಂದೆ ಒಂದೆರಡು ಸಲ ಉಜ್ಜಿ ಪಾಲಿಶ್ ಹಾಕ್ಬಹುದು, ಅರ್ಧ ಮಿಮೀದು ಗೀರು ಬಿದ್ರೆ ಹೋಯ್ತು. 200 ಮೈಕ್ರಾನ್ ಪಾಲಿಥೀನ್ ಹಾಳೆ, ಸೇರೋ ಕಡೆ 8 ಇಂಚು ಒಂದರ ಮೇಲೊಂದು, ಅದರ ಮೇಲೆ 2 ಮಿಮೀ ಫೋಮ್, ಆಮೇಲೆ ಹಲಗೆ. ಸುತ್ತ 10-12 ಮಿಮೀ ಸಂದು. ಅಕ್ಕಪಕ್ಕದ ಸಾಲಿನ ತುದಿ ಜಾಯಿಂಟ್ ಕನಿಷ್ಠ ಒಂದಡಿ ದೂರ. ಕೊನೇ ಸಾಲು ಒಂದೂವರೆ ಇಂಚಿನ ಪಟ್ಟಿ ಆಗೋ ಹಾಗಿದ್ರೆ ಮೊದಲ ಸಾಲನ್ನೇ ಸೀಳಿ ಶುರು ಮಾಡು. ಟೈಲ್ಸ್ ಮಟ್ಟ ಮಾತ್ರ ನೋಡು: 10 ಅಡಿ ಮಟ್ಟಗೋಲಿನ ಕೆಳಗೆ 5 ಮಿಮೀ ಮೀರಿ ತಗ್ಗಿದ್ರೆ ಕಾಲಿಟ್ಟಾಗ ಹಲಗೆ ಕುಣಿದು ಲಾಕ್ ಮುರಿಯುತ್ತೆ.

ಸುಮಕ್ಕ: ಗೆದ್ದಲು ಮರೀಬೇಡಿ. ಪಾಲಿಥೀನ್ ಹಾಳೆ ತೇವ ತಡೆಯುತ್ತೆ, ಗೆದ್ದಲನ್ನಲ್ಲ. ಹಾಸೋ ಮೊದಲು ಗೋಡೆ ಬುಡದ ಉದ್ದಕ್ಕೂ ಅಡಿಗೊಂದು ತೂತು ಕೊರೆಸಿ ಮದ್ದು ಹಾಕಿಸಿ. ಮತ್ತೆ ಬಕೆಟ್ ನೀರಲ್ಲಿ ನೆಲ ಒರೆಸೋದು ಬಂದ್, ಹಿಂಡಿದ ಬಟ್ಟೆ ಮಾತ್ರ. ಇದನ್ನ ಅಮ್ಮನಿಗೆ ಯಾರು ಹೇಳ್ತೀರಿ?

ಪ್ರದೀಪ: ಅದಕ್ಕಿಂತ ಮೊದಲು ಟೈಲ್ ಎಬ್ಬಿಸೋಕೆ ಅಮ್ಮ ಒಪ್ಪಬೇಕಲ್ಲ.

ಸುಮಕ್ಕ: ಮಂಚದ ಕೆಳಗಿಂದು ಎಬ್ಬಿಸು.